ಬೇಸಿಗೆ ರಿಸರ್ಚ್ ಫೆಲೋಶಿಪ್: ಅರ್ಜಿಗಿಂತ ಮೊದಲು ಮೆಂಟರ್

ಎಲ್ಲರಿಗೂ ನಮಸ್ಕಾರ. ಹೋದ ವಾರ ಅಮೆರಿಕದಲ್ಲಿರುವ ನಮ್ಮ ಕನ್ನಡ ತಂದೆತಾಯಿಯರ ಈ ಗುಂಪಿನಲ್ಲಿ ಇಬ್ಬರು ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕೇಳಿದ್ದರು: "ಮಗ ಕಾಲೇಜಿನಲ್ಲಿ ಎರಡನೇ ವರ್ಷ. ಬೇಸಿಗೆ ರಜೆಯಲ್ಲಿ ರಿಸರ್ಚ್ ಮಾಡಬೇಕು ಅಂತಾನೆ. ಎಲ್ಲಿಗೆ ಅಪ್ಲೈ ಮಾಡಿದರೆ ಸಿಗುತ್ತೆ?" ಅವತ್ತು ಆಫೀಸಿನಿಂದಲೇ ಎರಡು ಸಾಲು ಉತ್ತರ ಹಾಕಿದ್ದೆ. ಸಮಾಧಾನ ಆಗಲಿಲ್ಲ. ಇವತ್ತು ಕೂತು ಪೂರ್ತಿ ಬರೆಯುತ್ತಿದ್ದೇನೆ. ಬೇಸಿಗೆ ರಿಸರ್ಚ್ ಫೆಲೋಶಿಪ್ ಅಂದರೆ ರಜೆಯಲ್ಲಿ ಒಂದು ಲ್ಯಾಬಿನಲ್ಲಿ ಕೆಲಸ ಕಲಿಯುವ ಅವಕಾಶ, ಜೊತೆಗೆ ಖರ್ಚಿಗೆ ಒಂದಿಷ್ಟು ಹಣ, ಅಂದರೆ ಸ್ಟೈಪೆಂಡ್. ನಮ್ಮ ಮಗಳಿಗೆ ಮೊದಲ ಬೇಸಿಗೆ ಎಲ್ಲೂ ಸಿಗಲಿಲ್ಲ, ಮುಂದಿನ ಬೇಸಿಗೆ ಸಿಕ್ಕಿತು. ಆ ಒಂದು ವರ್ಷದಲ್ಲಿ ಅವಳ ಮಾರ್ಕ್ಸ್ ಏನೂ ಜಾಸ್ತಿ ಆಗಿರಲಿಲ್ಲ. ಅವಳು ಕೇಳುವ ರೀತಿ ಬದಲಾಗಿತ್ತು.

ಮೊದಲ ವರ್ಷ ನಾವು ಇದನ್ನು ಕಾಲೇಜ್ ಅಡ್ಮಿಷನ್ ತರಹವೇ ನೋಡಿದೆವು. ಒಂಬತ್ತು ಪ್ರೋಗ್ರಾಂಗಳ ಪಟ್ಟಿ ಮಾಡಿದೆವು. ಒಂದೇ ಪ್ರಬಂಧವನ್ನು ಅಲ್ಲಿ ಇಲ್ಲಿ ತಿದ್ದಿ ಒಂಬತ್ತಕ್ಕೂ ಕಳಿಸಿದಳು. "ಚಿಕ್ಕಂದಿನಿಂದ ನನಗೆ ವಿಜ್ಞಾನ ಅಂದರೆ ತುಂಬಾ ಇಷ್ಟ" ಅಂತ ಶುರುವಾಗುವ ಪ್ರಬಂಧ. ಆರು ಕಡೆಯಿಂದ ಇಲ್ಲ ಅಂತ ಬಂತು, ಮೂರು ಕಡೆಯಿಂದ ಉತ್ತರವೇ ಬರಲಿಲ್ಲ. ಆ ಏಪ್ರಿಲ್‌ನಲ್ಲಿ ಅವಳು ಫೋನ್ ಮಾಡಿದಾಗಲೆಲ್ಲ ಆ ವಿಷಯ ಎತ್ತೋಕೆ ನಮಗೂ ಅಳುಕು.

ಅಡ್ಮಿಷನ್ನಿನಲ್ಲಿ ಸಾವಿರಾರು ಸೀಟು ತುಂಬಬೇಕು. ಲ್ಯಾಬ್ ನಡೆಸುವವರ ಲೆಕ್ಕವೇ ಬೇರೆ. ಹತ್ತು ವಾರ ಒಬ್ಬ ಹೊಸಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕೆಲಸ ಕಲಿಸಬೇಕು. ಕಲಿಯುವ ಹೊತ್ತಿಗೆ ಬೇಸಿಗೆ ಮುಗಿದೇ ಹೋಗುತ್ತದೆ. ಅವರಿಗೆ ಅದು ಲಾಭದ ವ್ಯವಹಾರ ಅಲ್ಲ, ಆದರೂ ಎಷ್ಟೋ ಜನ ಪ್ರೀತಿಯಿಂದ ಮಾಡುತ್ತಾರೆ. ಹಾಗಾಗಿ ಅವರು ನೋಡುವುದು ಒಂದೇ: ಈ ಮಗುವಿಗೆ ನಮ್ಮ ಕೆಲಸದಲ್ಲಿ ನಿಜವಾಗಿ ಆಸಕ್ತಿ ಇದೆಯಾ, ಇಲ್ಲ ರೆಸ್ಯೂಮೆಗೆ ಒಂದು ಸಾಲು ಬೇಕಾ?

ಪ್ರೋಗ್ರಾಂಗಳಲ್ಲಿ ಮುಖ್ಯವಾಗಿ ಎರಡು ತರಹ. ಒಂದು, ಅರ್ಜಿ ಹಾಕಿದ ಮೇಲೆ ಅವರೇ ಲ್ಯಾಬ್ ಹೊಂದಿಸಿ ಕೊಡುವಂಥದ್ದು. ಅಮೆರಿಕ ಸರ್ಕಾರದ ನ್ಯಾಷನಲ್ ಸೈನ್ಸ್ ಫೌಂಡೇಶನ್ ದುಡ್ಡಿನಲ್ಲಿ ನಡೆಯುವ ಆರ್‌ಇಯು (REU, ಡಿಗ್ರಿ ಓದುವ ಮಕ್ಕಳಿಗೆ ರಿಸರ್ಚ್ ಅನುಭವ ಕೊಡುವ ಪ್ರೋಗ್ರಾಂ) ಸೈಟ್‌ಗಳು ಹೆಚ್ಚಾಗಿ ಹೀಗೆ. ದೇಶದ ಉದ್ದಗಲಕ್ಕೂ ಇವೆ. ಒಂದೊಂದು ಸೈಟಿನಲ್ಲಿ ಸುಮಾರು ಹತ್ತು ಮಕ್ಕಳು ಅಷ್ಟೇ. ಇನ್ನೊಂದು, ಮೆಂಟರ್, ಅಂದರೆ ತಮ್ಮ ಲ್ಯಾಬಿನಲ್ಲಿ ಮಾರ್ಗದರ್ಶನ ಮಾಡುವವರು ಮೊದಲು, ಅರ್ಜಿ ಆಮೇಲೆ. ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್‌ನ ಬೇಸಿಗೆ ಫೆಲೋಶಿಪ್ ಸರ್ಫ್ (SURF) 1979ರಿಂದ ನಡೆಯುತ್ತಿರುವುದು ಹೀಗೇ. ವಿದ್ಯಾರ್ಥಿ ಮೊದಲು ಮೆಂಟರ್ ಹುಡುಕಬೇಕು, ಅವರ ಜೊತೆ ಮಾತಾಡಿ ಪ್ರಾಜೆಕ್ಟ್ ಪ್ರಪೋಸಲ್ ಬರೆಯಬೇಕು, ಆಮೇಲೆ ಅರ್ಜಿ. ಬೇರೆ ಕಾಲೇಜಿನ ಮಕ್ಕಳೂ ಹಾಕಬಹುದು. ಎಂಐಟಿಯಲ್ಲಿ 1969ರಲ್ಲೇ ಯೂರಾಪ್ (UROP) ಅಂತ, ತಮ್ಮ ವಿದ್ಯಾರ್ಥಿಗಳು ಪ್ರೊಫೆಸರ್‌ಗಳ ಜೊತೆ ರಿಸರ್ಚ್ ಮಾಡುವ ಪ್ರೋಗ್ರಾಂ ಶುರು ಮಾಡಿದರು. ಈಗ ಬಹಳಷ್ಟು ಯೂನಿವರ್ಸಿಟಿಗಳಲ್ಲಿ ಇಂಥದ್ದೊಂದು ಇದೆ. ನಿಮ್ಮ ಮಗ ಓದುತ್ತಿರುವ ಕಡೆಯೇ ಇರಬಹುದು, ಮೊದಲು ಅದನ್ನು ವಿಚಾರಿಸಿ. ನಮ್ಮ ಮಗಳು ಮೊದಲ ವರ್ಷ ದೊಡ್ಡ ಹೆಸರುಗಳ ಹಿಂದೆ ಹೋದಳು. ಅವಳಿಗೆ ಕೊನೆಗೆ ಸಿಕ್ಕಿದ್ದು ಅವಳು ದಿನಾ ದಾಟಿ ಹೋಗುತ್ತಿದ್ದ ಕಟ್ಟಡದ ಮೂರನೇ ಮಹಡಿಯಲ್ಲಿ.

ಕಮ್ಯುನಿಟಿ ಕಾಲೇಜಿನಲ್ಲಿ (ಎರಡು ವರ್ಷದ ಸ್ಥಳೀಯ ಕಾಲೇಜು) ಓದುವ ಮಕ್ಕಳ ತಂದೆತಾಯಿಗೆ ಒಂದು ಮಾತು. "ನಮ್ಮ ಹುಡುಗಿಗೆ ಯಾರು ಕೊಡ್ತಾರೆ" ಅಂತ ಹಿಂದೆ ಸರಿಯಬೇಡಿ. ರಿಸರ್ಚ್ ಸೌಲಭ್ಯ ಕಡಿಮೆ ಇರುವ ಕಾಲೇಜುಗಳಿಂದ ಮಕ್ಕಳನ್ನು ಕರೆತರಬೇಕು ಅನ್ನೋದು ಆರ್‌ಇಯು ಉದ್ದೇಶಗಳಲ್ಲೇ ಇದೆ.

ಈಗ ನಮ್ಮಂಥ ಮನೆಗಳಿಗೆ ಬಹಳ ಮುಖ್ಯವಾದ ವಿಷಯ, ವೀಸಾ. ಆರ್‌ಇಯು ಸ್ಟೈಪೆಂಡ್ ಸಿಗಬೇಕಾದರೆ ಅಮೆರಿಕದ ಪೌರತ್ವವೋ ಗ್ರೀನ್ ಕಾರ್ಡೋ ಇರಲೇಬೇಕು. ಇಲ್ಲಿನ ಇಂಧನ ಇಲಾಖೆಯ ನ್ಯಾಷನಲ್ ಲ್ಯಾಬ್‌ಗಳಲ್ಲಿ ಡಿಗ್ರಿ ವಿದ್ಯಾರ್ಥಿಗಳಿಗೆ ಇರುವ ಇಂಟರ್ನ್‌ಶಿಪ್, ಸೂಲಿ (SULI) ಪ್ರೋಗ್ರಾಂಗೂ ಇದೇ ನಿಯಮ. ನಾಲ್ಕನೇ ವಯಸ್ಸಿಗೆ ಇಲ್ಲಿಗೆ ಬಂದು, ಇಲ್ಲೇ ಓದಿ ಬೆಳೆದು, ಇನ್ನೂ ಎಚ್-4ನಲ್ಲೇ (ಕೆಲಸದ ವೀಸಾದಲ್ಲಿರುವವರ ಗಂಡ, ಹೆಂಡತಿ, ಮಕ್ಕಳಿಗೆ ಕೊಡುವ ವೀಸಾ) ಇರುವ ಮಕ್ಕಳು ನಮ್ಮ ಗುಂಪಿನಲ್ಲಿ ಎಷ್ಟು ಜನ ಇದ್ದಾರೆ, ನಿಮಗೇ ಗೊತ್ತು. ಪರಿಚಯದ ಒಂದು ಮನೆಯ ಹುಡುಗ ಎರಡು ವಾರ ಕೂತು ಅರ್ಜಿ ತಯಾರು ಮಾಡಿದ್ದ. ಪ್ರಬಂಧ, ಟ್ರಾನ್ಸ್‌ಕ್ರಿಪ್ಟ್ (ಕಾಲೇಜಿನ ಅಂಕಪಟ್ಟಿ), ಇಬ್ಬರ ಶಿಫಾರಸು ಪತ್ರ, ಎಲ್ಲ ಸಿದ್ಧ. ಕೊನೆಯ ಪುಟದಲ್ಲಿ ಪೌರತ್ವದ ಪ್ರಶ್ನೆ ಬಂತು. ಅಲ್ಲಿಗೇ ನಿಂತುಹೋಯಿತು. ಆ ಸಂಜೆ ಅವನು ಅಮ್ಮನನ್ನು ಕೇಳಿದನಂತೆ, "ಇದನ್ನ ನನಗೆ ಮೊದಲೇ ಯಾಕೆ ಹೇಳಲಿಲ್ಲ?" ನನಗೆ ಅದು ಇವತ್ತಿಗೂ ಕಾಡುತ್ತದೆ. ದಯವಿಟ್ಟು ಮಕ್ಕಳಿಗೆ ಅವರ ವೀಸಾ ಏನು, ಅದರಲ್ಲಿ ಏನು ಮಾಡಬಹುದು, ಏನು ಮಾಡಬಾರದು ಅಂತ ಹೈಸ್ಕೂಲಿನಲ್ಲೇ ಕೂರಿಸಿ ಹೇಳಿ.

ಎಚ್-4ನಲ್ಲಿರುವ ಮಕ್ಕಳು ಸಂಬಳದ ಕೆಲಸ ಮಾಡುವ ಹಾಗಿಲ್ಲ. ಎಚ್-4 ಇಎಡಿ, ಅಂದರೆ ಕೆಲಸ ಮಾಡುವ ಪರವಾನಗಿ, ಗಂಡ ಅಥವಾ ಹೆಂಡತಿಗೆ, ಮಕ್ಕಳಿಗೆ ಅಲ್ಲ. 21 ತುಂಬಿದರೆ ಎಚ್-4 ಉಳಿಯುವುದಿಲ್ಲ, ಹೆಚ್ಚಿನವರು ವಿದ್ಯಾರ್ಥಿ ವೀಸಾ ಎಫ್-1ಗೆ ಬದಲಾಗುತ್ತಾರೆ. ಎಫ್-1ನಲ್ಲಿ ಇದ್ದರೆ ತಮ್ಮದೇ ಕ್ಯಾಂಪಸ್ಸಿನಲ್ಲಿ ರಜೆಯಲ್ಲಿ ಪೂರ್ತಿ ಸಮಯ ಕೆಲಸ ಮಾಡಬಹುದು. ಕ್ಯಾಂಪಸ್ ಹೊರಗೆ ಆದರೆ ಸಿಪಿಟಿಯಂಥ (ಓದಿಗೆ ಸಂಬಂಧಿಸಿದ ಕೆಲಸಕ್ಕೆ ಕೊಡುವ) ಅನುಮತಿ ಬೇಕು, ಅದಕ್ಕೆ ಸಾಮಾನ್ಯವಾಗಿ ಒಂದು ಪೂರ್ತಿ ಶೈಕ್ಷಣಿಕ ವರ್ಷ ಮುಗಿದಿರಬೇಕು. ಹಾಗಾಗಿ ಈ ಮಕ್ಕಳಿಗೆ ತಮ್ಮದೇ ಯೂನಿವರ್ಸಿಟಿಯ ಲ್ಯಾಬ್ ಎಲ್ಲಕ್ಕಿಂತ ಹತ್ತಿರದ ದಾರಿ. ಸ್ಟೈಪೆಂಡ್ ತೆಗೆದುಕೊಳ್ಳಬಹುದಾ, ಬದಲಿಗೆ ಕೋರ್ಸಿನ ಹಾಗೆ ಓದಿಗೆ ಸೇರುವ ಕ್ರೆಡಿಟ್ ತೆಗೆದುಕೊಳ್ಳಬೇಕಾ ಅನ್ನೋದನ್ನು ಒಪ್ಪಿಕೊಳ್ಳುವ ಮೊದಲೇ ಇಂಟರ್‌ನ್ಯಾಷನಲ್ ಸ್ಟೂಡೆಂಟ್ ಆಫೀಸಿನಲ್ಲಿ ಮಗುವೇ ಹೋಗಿ ಕೇಳಲಿ. ಗುಂಪಿನಲ್ಲಿ ಯಾರೋ ಹೇಳಿದರು ಅಂತ ತೀರ್ಮಾನ ಮಾಡಬೇಡಿ. ನನ್ನ ಮಾತಿಗೂ ಇದು ಅನ್ವಯ.

ಇನ್ನು ಮೆಂಟರ್ ಹುಡುಕಿದ ಕಥೆ. ಎರಡನೇ ವರ್ಷ ಅಕ್ಟೋಬರ್‌ನಲ್ಲಿ ಮಗಳು ತನ್ನ ಡಿಪಾರ್ಟ್‌ಮೆಂಟಿನ ಪ್ರೊಫೆಸರ್‌ಗಳ ಪುಟಗಳನ್ನು ಒಂದೊಂದಾಗಿ ಓದಿದಳು. ಒಬ್ಬರು ಗಿಡಗಳ ಎಲೆಯಲ್ಲಿರುವ ಸಣ್ಣ ರಂಧ್ರಗಳ ಬಗ್ಗೆ, ಸ್ಟೊಮ್ಯಾಟಾ ಅಂತಾರಲ್ವಾ, ಕೆಲಸ ಮಾಡುತ್ತಿದ್ದರು. ಅವರ ಒಂದು ಪೇಪರ್ ತೆಗೆದು ಓದಿದಳು. ಮೊದಲ ಸಲ ಅರ್ಧಕ್ಕರ್ಧ ಅರ್ಥವಾಗಲಿಲ್ಲ. ಮೂರನೇ ಸಲಕ್ಕೆ ಒಂದು ಚಿತ್ರದ ಹತ್ತಿರ ನಿಂತಳು. ಎಲೆಯ ಕೆಳಭಾಗದ ರಂಧ್ರಗಳನ್ನು ಮಾತ್ರ ಎಣಿಸಿದ್ದರು. ಕೆಲವು ಗಿಡಗಳಲ್ಲಿ ಮೇಲ್ಭಾಗದಲ್ಲೂ ರಂಧ್ರ ಇರುತ್ತವೆ ಅಂತ ಅವಳು ಕ್ಲಾಸಿನಲ್ಲಿ ಕಲಿತಿದ್ದಳು. ಹಾಗಾದರೆ ಇಲ್ಲಿ ಮೇಲ್ಭಾಗ ಯಾಕೆ ನೋಡಲಿಲ್ಲ?

ಅವಳ ಮೇಲ್ ಹೆಚ್ಚುಕಡಿಮೆ ಹೀಗಿತ್ತು. ನಾನು ಎರಡನೇ ವರ್ಷದ ವಿದ್ಯಾರ್ಥಿನಿ. ನಿಮ್ಮ ಈ ಪೇಪರ್ ಓದಿದೆ. ನನಗೆ ಈ ಪ್ರಶ್ನೆ ಬಂತು. ಈ ಬೇಸಿಗೆಗೆ ನಮ್ಮ ಯೂನಿವರ್ಸಿಟಿಯ ಫೆಲೋಶಿಪ್‌ಗೆ ಅರ್ಜಿ ಹಾಕಬೇಕು ಅಂತಿದ್ದೇನೆ. ನಿಮ್ಮ ಆಫೀಸ್ ಅವರ್ಸ್‌ನಲ್ಲಿ (ವಿದ್ಯಾರ್ಥಿಗಳಿಗೆಂದೇ ಇಟ್ಟ ಸಮಯ) 20 ನಿಮಿಷ ಬಂದು ಮಾತಾಡಬಹುದಾ? ಜೊತೆಗೆ ಒಂದು ಪುಟದ ರೆಸ್ಯೂಮೆ. ಅಷ್ಟೇ. ಚಿಕ್ಕಂದಿನ ಇಷ್ಟ ಇಲ್ಲ, ಉದ್ದುದ್ದ ಹೊಗಳಿಕೆ ಇಲ್ಲ.

ಇಂಥ ಮೇಲ್ ಒಟ್ಟು ಐದು ಜನಕ್ಕೆ ಬರೆದಳು, ಒಂದೊಂದಕ್ಕೂ ಒಂದೊಂದು ವಾರಾಂತ್ಯ ಹಿಡಿಯಿತು. ಇಬ್ಬರು ಉತ್ತರಿಸಲಿಲ್ಲ. ಹತ್ತು ದಿನ ಬಿಟ್ಟು ಅವರಿಗೆ ಇನ್ನೊಮ್ಮೆ ಎರಡು ಸಾಲು ಬರೆದಳು, ಆಗ ಒಬ್ಬರು "ಈ ವರ್ಷ ಜಾಗ ಇಲ್ಲ" ಅಂದರು. ಎಲೆಯ ಪ್ರೊಫೆಸರ್ ಎರಡೇ ದಿನಕ್ಕೆ ಬರೆದರು: "ಒಳ್ಳೆ ಪ್ರಶ್ನೆ. ಗುರುವಾರ ಬಾ." ಮೊದಲ ವರ್ಷದ ಒಂಬತ್ತು ಅರ್ಜಿಗಿಂತ ಆ ಒಂದು ಪ್ರಶ್ನೆ ಕೆಲಸ ಮಾಡಿತು.

ಹೋಗುವ ಮೊದಲು ಏನು ಕೇಳಬೇಕು ಅಂತ ಬರೆದುಕೊಂಡು ಹೋಗಲಿ. ದಿನಾ ನನಗೆ ಕೆಲಸ ತೋರಿಸುವವರು ಯಾರು? ಇದು ಬಹಳ ಮುಖ್ಯ. ಪ್ರೊಫೆಸರ್ ಹೆಸರು ಇರುತ್ತದೆ, ಆದರೆ ಪಕ್ಕದಲ್ಲಿ ನಿಂತು ಕಲಿಸುವವರು ಪೋಸ್ಟ್‌ಡಾಕ್ (ಪಿಎಚ್‌ಡಿ ಮುಗಿಸಿ ಲ್ಯಾಬಿನಲ್ಲಿ ರಿಸರ್ಚ್ ಮಾಡುವವರು) ಅಥವಾ ಪಿಎಚ್‌ಡಿ ವಿದ್ಯಾರ್ಥಿ. ಸಾಧ್ಯವಾದರೆ ಅವರ ಜೊತೆಗೂ ಹತ್ತು ನಿಮಿಷ ಮಾತಾಡಬೇಕು. ಜುಲೈನಲ್ಲಿ ನೀವು ಊರಲ್ಲಿ ಇರುತ್ತೀರಾ? ಹೋದ ವರ್ಷ ಬಂದಿದ್ದ ವಿದ್ಯಾರ್ಥಿ ಏನು ಮಾಡಿದ? ಗುಂಪಿನ ಒಬ್ಬರ ಮಗನಿಗೆ ಹೆಸರಾಂತ ಮೆಂಟರ್ ಸಿಕ್ಕಿದ್ದರು, ಹತ್ತು ವಾರದಲ್ಲಿ ಅವರ ಮುಖ ನೋಡಿದ್ದು ಎರಡೇ ಸಲ. ನನ್ನ ಅಭಿಪ್ರಾಯ ಕೇಳಿದರೆ, ಸಮಯ ಕೊಡುವ ಹೊಸ ಪ್ರೊಫೆಸರ್, ಸಮಯವಿಲ್ಲದ ಪ್ರಸಿದ್ಧರಿಗಿಂತ ಮೇಲು.

ಪ್ರಪೋಸಲ್ ಬರೆಯುವಾಗ ಮಗಳು ಸುಸ್ತಾಗಿಬಿಟ್ಟಳು. ಪ್ರೊಫೆಸರ್ ನಾಲ್ಕು ಸಲ ತಿದ್ದಿಸಿದರು. ಮೊದಲ ಕರಡಿನಲ್ಲಿ "ಹವಾಮಾನ ಬದಲಾವಣೆಯನ್ನು ಎದುರಿಸಲು" ಅಂತೆಲ್ಲ ಬರೆದಿದ್ದಳು. ಅವರು ಅದಕ್ಕೆ ಗೆರೆ ಎಳೆದು, "ಮೂರನೇ ವಾರದ ಮಂಗಳವಾರ ನೀನು ಏನು ಮಾಡುತ್ತಿರುತ್ತೀಯ?" ಅಂತ ಪಕ್ಕದಲ್ಲಿ ಬರೆದರು. ಕೊನೆಯ ಕರಡಿನಲ್ಲಿ ಎಲ್ಲ ಇತ್ತು. ಎಷ್ಟು ಗಿಡ, ಪ್ರತಿ ಗಿಡದಿಂದ ಎಷ್ಟು ಎಲೆ, ಎಣಿಸುವುದು ಹೇಗೆ, ಗಿಡ ಒಣಗಿದರೆ ಏನು ಮಾಡುವುದು. ಶಿಫಾರಸು ಪತ್ರಕ್ಕೂ ಕನಿಷ್ಠ ಮೂರು ವಾರ ಮೊದಲೇ ಕೇಳಬೇಕು. ಹೆಚ್ಚಿನ ಪ್ರೋಗ್ರಾಂಗಳ ಕೊನೆಯ ದಿನ ಜನವರಿಯಿಂದ ಮಾರ್ಚ್ ಒಳಗೆ ಬರುತ್ತದೆ. ಡಿಸೆಂಬರ್‌ನಲ್ಲಿ ಪರೀಕ್ಷೆ, ರಜೆ, ಯಾರೂ ಸಿಗುವುದಿಲ್ಲ. ಹುಡುಕಾಟ ಅಕ್ಟೋಬರ್‌ನಲ್ಲೇ ಶುರುವಾಗಬೇಕು ಅನ್ನೋದು ಇದಕ್ಕೇ.

ನಾವು ಏನು ಮಾಡಬೇಕು? ಮೇಲ್ ನಾವು ಬರೆಯಬಾರದು. ನನ್ನ ಯಜಮಾನರು ಪ್ರೀತಿಯಿಂದಲೇ ಒಂದು ಕರಡು ಬರೆದುಕೊಟ್ಟಿದ್ದರು, "ಗೌರವಾನ್ವಿತ ಸರ್" ಅಂತ ಶುರುಮಾಡಿ. ಮಗಳು ಓದಿ, "ಅಪ್ಪಾ, ಇದು ನನ್ನ ಥರ ಇಲ್ಲ" ಅಂದಳು. ಅವಳು ಹೇಳಿದ್ದು ಸರಿ. ಆಫೀಸಿಗೆ ಫೋನ್ ಮಾಡಿ ವಿಚಾರಿಸುವುದೂ ಬೇಡ. ವಿದ್ಯಾರ್ಥಿಗಳ ದಾಖಲೆಗಳ ಗೌಪ್ಯತೆ ಕಾಯುವ 1974ರ ಫರ್ಪಾ (FERPA) ಕಾನೂನಿನ ಪ್ರಕಾರ, ಕಾಲೇಜು ಸೇರಿದ ಮೇಲೆ ದಾಖಲೆಗಳ ಮೇಲಿನ ಹಕ್ಕು ವಿದ್ಯಾರ್ಥಿಯದ್ದು. ನಮಗೆ ಏನೂ ಹೇಳುವ ಬಾಧ್ಯತೆ ಅವರಿಗಿಲ್ಲ, ಮಗುವಿಗೂ ಮುಜುಗರ. ಪರಿಚಯದ ಕನ್ನಡದ ಪ್ರೊಫೆಸರ್ ಇದ್ದರೆ ಅವರ ಹತ್ತಿರ ಮಗು ಮಾಹಿತಿ ಕೇಳಲಿ, ಸಂಕೋಚ ಬೇಡ. ನಾವು ಹೋಗಿ "ಒಂದು ಜಾಗ ಕೊಡಿಸಿ" ಅನ್ನೋದು ಮಾತ್ರ ಬೇಡ. ಒಪ್ಪದಿದ್ದರೆ ಅವರಿಗೆ ಕಷ್ಟ, ಒಪ್ಪಿದರೆ ಮಗುವಿಗೆ ತನ್ನ ಯೋಗ್ಯತೆಯ ಮೇಲೇ ಅನುಮಾನ ಉಳಿದುಬಿಡುತ್ತದೆ.

ದುಡ್ಡಿನ ಲೆಕ್ಕದಲ್ಲಿ ಮಾತ್ರ ನಾವು ಜೊತೆಗಿರಬೇಕು. ಬೇಸಿಗೆಯಲ್ಲಿ ಉಳಿಯುವ ಜಾಗ ಕೊಡುತ್ತಾರಾ ನೋಡಿ. ಸ್ಟೈಪೆಂಡ್‌ಗೆ ತೆರಿಗೆ ಇದೆ, ಆದರೆ ಎಷ್ಟೋ ಸಲ ಮೊದಲೇ ಹಿಡಿದುಕೊಳ್ಳುವುದಿಲ್ಲ. ಒಂದು ಪಾಲು ತೆಗೆದಿಟ್ಟಿರಲಿ.

ಆ ಬೇಸಿಗೆ ಒಂದು ಭಾನುವಾರ ಅವಳನ್ನು ನೋಡೋಕೆ ಹೋಗಿದ್ದೆವು. ಎಲೆಯ ಮೇಲೆ ಬಣ್ಣವಿಲ್ಲದ ನೇಲ್ ಪಾಲಿಶ್ ತೆಳ್ಳಗೆ ಹಚ್ಚಿ, ಒಣಗಿದ ಮೇಲೆ ಟೇಪಿನಿಂದ ಮೆಲ್ಲಗೆ ಎತ್ತಿ, ಗಾಜಿನ ಮೇಲೆ ಅಂಟಿಸಿ ತೋರಿಸಿದಳು. ಎಲೆಯ ಅಚ್ಚು ಹಾಗೇ ಬಂದಿರುತ್ತದೆ. ಮೊದಲ ಮೂರು ವಾರ ಪಾಲಿಶ್ ದಪ್ಪ ಆಗಿ ಎಲ್ಲ ಹಾಳಾಯಿತಂತೆ. ಆ ಹಾಳಾದ ಗಾಜುಗಳನ್ನೂ ದಿನಾಂಕ ಬರೆದು ಡಬ್ಬದಲ್ಲಿ ಇಟ್ಟಿದ್ದಳು, ಎಸೆಯಬಾರದು ಅಂತ ಅವಳಿಗೆ ಕೆಲಸ ಕಲಿಸುತ್ತಿದ್ದ ಪೋಸ್ಟ್‌ಡಾಕ್ ಹೇಳಿಕೊಟ್ಟಿದ್ದರು. ಮೈಕ್ರೋಸ್ಕೋಪಿನಲ್ಲಿ ನಾನೂ ನೋಡಿದೆ. ತುಟಿ ತೆರೆದ ಹಾಗೆ ಸಣ್ಣ ಸಣ್ಣ ಬಾಯಿಗಳು, ನೂರಾರು. "ಅಮ್ಮಾ, ಎಣಿಸು" ಅಂದಳು. 40ರ ಹತ್ತಿರ ನನಗೆ ಲೆಕ್ಕ ತಪ್ಪಿತು, ಅವಳು ಮತ್ತೆ ಮೊದಲಿಂದ ಶುರು ಮಾಡಿಸಿದಳು.

ಹೋದ ವಾರ ಕೇಳಿದ್ದ ಇಬ್ಬರೂ ಮಗ ಏನು ಓದುತ್ತಿದ್ದಾನೆ, ಯಾವ ವೀಸಾದಲ್ಲಿದ್ದಾನೆ ಅಂತ ನನಗೆ ಬೇರೆಯಾಗಿ ಬರೆಯಿರಿ. ಮಗಳು ತನ್ನ ಆ ಮೇಲ್ ಮತ್ತು ನಾಲ್ಕು ಕರಡುಗಳನ್ನು ತೋರಿಸಲು ಒಪ್ಪಿದ್ದಾಳೆ. ನಿಮ್ಮ ಮಕ್ಕಳೇ ಅವಳ ಜೊತೆ ಮಾತಾಡಲಿ.