ಅಪ್‌ಡೇಟ್: ಕಾನ್ವೆಂಟಿಗೆ ಮೊದಲು ಸಾಲ ತೀರಬೇಕು

ನರ್ಸಿಂಗ್ ಮುಗಿದಿದೆ, ಬಡರೋಗಿಗಳ ಸೇವೆಗೆ ದೇವರ ಕರೆಯಿದೆ ಅನಿಸುತ್ತಿದೆ, ಸನ್ಯಾಸಿನಿಯಾಗಲು ಈಗಲೇ ಕಾನ್ವೆಂಟ್ ಸೇರಬಹುದೇ ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಮನಸಾರೆ ವಂದನೆ.

ಅಡ್ಡಿ ಶಿಕ್ಷಣ ಸಾಲದ್ದು. ತೀರಿಸಲಾಗದ ಸಾಲ ಇರುವವರನ್ನು ನವದೀಕ್ಷೆಗೆ (ವ್ರತಕ್ಕೆ ಮೊದಲಿನ ತರಬೇತಿಗೆ) ಸೇರಿಸಿಕೊಳ್ಳಬಾರದು ಎನ್ನುತ್ತದೆ ಕಥೋಲಿಕ ಧರ್ಮಸಭೆಯ ಕಾನೂನು, 644ನೇ ವಿಧಿ. ಸರಿಯೇ ಇದೆ: ಸನ್ಯಾಸ ವ್ರತ ಸ್ವೀಕರಿಸಿದ ಮೇಲೆ ದುಡಿದದ್ದು ಸನ್ಯಾಸಿನಿಯರ ಸಂಸ್ಥೆಗೆ ಸೇರುತ್ತದೆ, ಬ್ಯಾಂಕಿನ ಕಂತು ಅಪ್ಪನ ತಲೆಗೆ ಬರುತ್ತದೆ. ದೀಕ್ಷಾಸ್ನಾನ, ದೃಢೀಕರಣ ಎಂಬ ಎರಡು ಸಂಸ್ಕಾರಗಳನ್ನು ಪಡೆದ ಪತ್ರಗಳನ್ನೂ ಈಗಲೇ ತೆಗೆಸಿಡಬೇಕು.

ಅಲ್ಲಿಯವರೆಗೆ ವಾರಕ್ಕೊಂದು ದಿನ ವೃದ್ಧಾಶ್ರಮ. ಹಾಸಿಗೆ ಹುಣ್ಣಿಗೆ ಡ್ರೆಸ್ಸಿಂಗ್, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು. ಮನಸ್ಸು ಬರಡಾದ ದಿನ ನಿರ್ಧಾರ ಬದಲಿಸಬಾರದೆಂಬ ಯೇಸುಸಭೆಯ (ಜೆಸ್ವಿಟ್) ಸ್ಥಾಪಕ ಸಂತ ಇಗ್ನೇಷಿಯಸರ ನಿಯಮ ಅಲ್ಲೇ ಬೇಕಾಗುತ್ತದೆ. ನವದೀಕ್ಷೆ ಕನಿಷ್ಠ 12 ತಿಂಗಳು, ಆಜೀವ ವ್ರತಕ್ಕೆ ಮೊದಲಿನ ತಾತ್ಕಾಲಿಕ ವ್ರತ ಕನಿಷ್ಠ 3 ವರ್ಷ, ಅವಸರವಿಲ್ಲ.