ಮೊದಲ ಸಲ 4,000 ಮೀಟರ್ ದಾಟುತ್ತಿದ್ದೇನೆ, ಹೋಗಿ ಬಂದವರು ಸ್ವಲ್ಪ ಹೇಳಿ

ಕೇಳಿದವರು:
ಮುಂದಿನ ತಿಂಗಳು ಎತ್ತರದ ಟ್ರೆಕ್ಕಿಂಗ್ ಇದೆ. ಮೊದಲ ರಾತ್ರಿಯೇ 3,500 ಮೀಟರ್‌ನಲ್ಲಿ ಮಲಗುವುದು. ಐದನೇ ದಿನ 4,800 ಮೀಟರ್‌ನ ಪಾಸ್ (ಬೆಟ್ಟಗಳ ನಡುವಿನ ಕಣಿವೆದಾರಿ) ದಾಟಬೇಕು. ವಾರಕ್ಕೆ ನಾಲ್ಕು ದಿನ 10 ಕಿ.ಮೀ. ಓಡುತ್ತೇನೆ, ಹಾಗಾಗಿ ದಮ್ಮಿನ ಚಿಂತೆ ಇಲ್ಲ. ಆದರೆ ಮೇಲೆ ಗಾಳಿಯಲ್ಲಿ ಆಮ್ಲಜನಕ ಕಮ್ಮಿ ಅಂತ ಎಲ್ಲರೂ ಹೆದರಿಸುತ್ತಿದ್ದಾರೆ. ಮೈ ಹೊಂದಿಕೊಳ್ಳಲು ಎಷ್ಟು ದಿನ ಬೇಕು? ಮಾತ್ರೆ ಬೇಕಾ? ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ಎಷ್ಟು ಶೇಕಡಾ ಅಂತ ನೋಡುವ ಆಕ್ಸಿಮೀಟರ್ ಒಯ್ಯಬೇಕಾ?

ಮ್ಯಾರಥಾನ್ ಓಟಗಾರ:
'ದಮ್ಮಿನ ಚಿಂತೆ ಇಲ್ಲ' ಅಂತ ಓದಿ ನಗು ಬಂತು, ಬೇಜಾರಾಗಬೇಡಿ. ನಾನೂ ಹಾಗೇ ಹೊರಟವನು, ಮೂರು ಮ್ಯಾರಥಾನ್ ಮುಗಿಸಿದ ಜಂಬದಲ್ಲಿ. ಒಂದೇ ದಿನಕ್ಕೆ ವಾಹನದಲ್ಲಿ 3,600 ಮೀಟರ್‌ಗೆ ಹೋಗಿ ಇಳಿದೆ. ಮಧ್ಯಾಹ್ನ ಏನೂ ಅನಿಸಲಿಲ್ಲ. ಇಷ್ಟೇನಾ ಅಂದುಕೊಂಡು ಪಕ್ಕದ ಗುಡ್ಡವನ್ನೂ ಹತ್ತಿ ಇಳಿದೆ. ರಾತ್ರಿ ಹತ್ತಕ್ಕೆ ತಲೆ ಸಿಡಿಯತೊಡಗಿತು, ಎರಡು ಸಲ ವಾಂತಿ. ಮೆಟ್ಟಿಲು ಹತ್ತಿದರೂ ಏದುಸಿರು ಬಿಡುವ ನನ್ನ ಗೆಳೆಯ ಪಕ್ಕದಲ್ಲೇ ಗೊರಕೆ ಹೊಡೆಯುತ್ತಿದ್ದ!

ಎತ್ತರದ ಕಾಯಿಲೆ ಫಿಟ್‌ನೆಸ್ ನೋಡಿ ಬರುವುದಿಲ್ಲ. ಲಕ್ಷಣ ಕಾಣಿಸುವುದೇ ತಲುಪಿ ಆರರಿಂದ ಹನ್ನೆರಡು ಗಂಟೆ ಆದಮೇಲೆ. ಕಾಲು ಗಟ್ಟಿ ಇದ್ದವರು ಅಷ್ಟರಲ್ಲಿ ಇನ್ನೂ ಮೇಲೆ ಹೋಗಿಬಿಟ್ಟಿರುತ್ತಾರೆ. ನಿಮ್ಮ ಓಟದ ಬಗ್ಗೆ ನನಗಿರುವ ಭಯ ಅದೇ.

ಶರೀರಶಾಸ್ತ್ರ ಕಲಿಸುವವಳು, ಚಳಿಗೆ ಹೆದರುವವಳು:
ಮೊದಲು ಒಂದು ತಿದ್ದುಪಡಿ. ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲ ಕಡೆ ಒಂದೇ, ಸುಮಾರು 21 ಶೇಕಡಾ. ಕಮ್ಮಿಯಾಗುವುದು ಗಾಳಿಯ ಒತ್ತಡ. 5,500 ಮೀಟರ್ ಹೊತ್ತಿಗೆ ಅದು ಸಮುದ್ರಮಟ್ಟದ ಅರ್ಧಕ್ಕೆ ಇಳಿಯುತ್ತದೆ, ಎವರೆಸ್ಟ್ ತುದಿಯಲ್ಲಿ ಮೂರನೇ ಒಂದು ಪಾಲಿಗೆ. ಅಂಥ ಜಾಗಕ್ಕೆ ನಿಮ್ಮನ್ನು ಸಮುದ್ರಮಟ್ಟದಿಂದ ಎತ್ತಿ ತಂದು ಇಟ್ಟರೆ ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ಆದರೆ 1978ರಲ್ಲಿ ಪರ್ವತಾರೋಹಿಗಳಾದ ಮೆಸ್ನರ್ ಮತ್ತು ಹಾಬೆಲರ್ ಆಮ್ಲಜನಕದ ಸಿಲಿಂಡರ್ ಇಲ್ಲದೆಯೇ ಅಲ್ಲಿಗೆ ನಡೆದು ಹೋಗಿ ವಾಪಸ್ ಬಂದರು. ವಾರಗಟ್ಟಲೆ ಬೆಟ್ಟದ ಮೇಲೆ ಕಳೆದು ಮೈಯನ್ನು ಪಳಗಿಸಿಕೊಂಡದ್ದರಿಂದ ಅದು ಆಯಿತು.

ಕುತ್ತಿಗೆಯ ಎರಡೂ ಬದಿಯಲ್ಲಿ, ಮಿದುಳಿಗೆ ಹೋಗುವ ರಕ್ತನಾಳ ಕವಲೊಡೆಯುವಲ್ಲಿ, ಅಕ್ಕಿಕಾಳಿನಷ್ಟು ಚಿಕ್ಕ ಗಂಟೊಂದಿದೆ. ಕೆರೋಟಿಡ್ ಬಾಡಿ ಅಂತ ಹೆಸರು. ರಕ್ತದಲ್ಲಿ ಆಮ್ಲಜನಕ ಇಳಿದದ್ದು ಮೊದಲು ಗೊತ್ತಾಗುವುದು ಅದಕ್ಕೆ. 'ಜೋರಾಗಿ ಉಸಿರಾಡು' ಅಂತ ಅದು ಕೂಗುತ್ತದೆ. ನೀವು ಉಸಿರಾಡುತ್ತೀರಿ. ಆಗ ಆಮ್ಲಜನಕ ಬರುವುದರ ಜೊತೆ ಕಾರ್ಬನ್ ಡೈಆಕ್ಸೈಡ್ ಬೇಕಾದ್ದಕ್ಕಿಂತ ಜಾಸ್ತಿ ಹೊರಹೋಗುತ್ತದೆ, ರಕ್ತ ಕ್ಷಾರದ ಕಡೆ ವಾಲುತ್ತದೆ. ಇದು ಮಿದುಳಿಗೆ ಇಷ್ಟವಿಲ್ಲ. 'ಸಾಕು, ಕಮ್ಮಿ ಮಾಡು' ಅನ್ನುತ್ತದೆ. ಒಬ್ಬರು ಆಕ್ಸಿಲರೇಟರ್ ಒತ್ತಿದರೆ ಇನ್ನೊಬ್ಬರು ಬ್ರೇಕ್ ಹಾಕಿದ ಹಾಗೆ. ಮೊದಲ ರಾತ್ರಿಗಳ ಒದ್ದಾಟ ಬಹುಪಾಲು ಇವರಿಬ್ಬರ ಜಗಳವೇ.

ಜಗಳ ಬಿಡಿಸುವುದು ಮೂತ್ರಪಿಂಡ. ಹೆಚ್ಚಾದ ಕ್ಷಾರವನ್ನು ಅದು ಮೂತ್ರದಲ್ಲಿ ಹೊರಹಾಕುತ್ತದೆ. ಆದರೆ ಅದಕ್ಕೆ ಅವಸರವಿಲ್ಲ, ಕೆಲವು ದಿನ ಬೇಕು. ಮೇಲೆ ಹೋದವರು ಪದೇ ಪದೇ ಮೂತ್ರಕ್ಕೆ ಎದ್ದರೆ ಗೊಣಗಬೇಡಿ, ಮೈ ಹೊಂದಿಕೊಳ್ಳುತ್ತಿದೆ ಅಂತ ಅರ್ಥ.

ನೀವು ಕೇಳಿದ ಮಾತ್ರೆ ಮಾಡುವುದೂ ಇದನ್ನೇ. ಅಸೆಟಜೋಲಮೈಡ್, ಡಯಾಮಾಕ್ಸ್ ಅಂತ ಸಿಗುತ್ತದೆ. ಅದು ಲಕ್ಷಣವನ್ನು ಮುಚ್ಚಿಡುವ ಮಾತ್ರೆ ಅಂತ ತುಂಬ ಜನ ನಂಬಿದ್ದಾರೆ. ಹಾಗಲ್ಲ, ಮೂತ್ರಪಿಂಡದ ಕೆಲಸವನ್ನು ಬೇಗ ಮಾಡಿಸುತ್ತದೆ ಅಷ್ಟೇ. ತಡೆಗೆ ಸಾಮಾನ್ಯವಾಗಿ 125 ಮಿಲಿಗ್ರಾಂ, ದಿನಕ್ಕೆರಡು ಸಲ, ಏರುವ ಹಿಂದಿನ ದಿನದಿಂದ. ವೈದ್ಯರನ್ನು ಕೇಳಿಯೇ ತಗೊಳ್ಳಿ, ಸಲ್ಫಾ ಔಷಧಿ ಒಗ್ಗದವರು ಅದನ್ನು ಮೊದಲೇ ಹೇಳಿ. ಬೆರಳು ಜುಮ್ಮೆನ್ನುತ್ತದೆ, ಸೋಡಾ ಸಪ್ಪೆ ಅನಿಸುತ್ತದೆ. ಹೆದರಬೇಡಿ.

ಐದು ಸಲ ಹೋಗಿ ಬಂದವನು:
ರಾತ್ರಿಯ ಒಂದು ಮಾತು ಸೇರಿಸುತ್ತೇನೆ. ನನ್ನ ಮೊದಲ ಟ್ರೆಕ್‌ನಲ್ಲಿ ಟೆಂಟ್‌ನ ಜೊತೆಗಾರ ನಾಲ್ಕೈದು ಸಲ ಜೋರಾಗಿ ಉಸಿರೆಳೆದು ಸುಮ್ಮನಾದ. ಹತ್ತು ಸೆಕೆಂಡ್ ಉಸಿರೇ ಇಲ್ಲ. ನಾನು ಗಾಬರಿಯಿಂದ ಅವನನ್ನು ಅಲುಗಾಡಿಸಿ ಎಬ್ಬಿಸಿದೆ. ಬೈಸಿಕೊಂಡೆ. ಎತ್ತರದಲ್ಲಿ ನಿದ್ದೆಯ ಉಸಿರು ಹೀಗೆ ಏರಿ, ನಿಂತು, ಮತ್ತೆ ಶುರುವಾಗುವುದು ಮಾಮೂಲು. ಮೇಲಿನವರು ಹೇಳಿದ ಆಕ್ಸಿಲರೇಟರ್-ಬ್ರೇಕ್ ಆಟವೇ ಇದೂ. ನಿದ್ದೆ ಮಾತ್ರೆ ಮತ್ತು ಮದ್ಯ ಉಸಿರನ್ನು ಇನ್ನೂ ಕುಗ್ಗಿಸುತ್ತವೆ, ಅವೆರಡನ್ನೂ ಮುಟ್ಟಬೇಡಿ.

ಇನ್ನು ನಿಮ್ಮ ಪ್ಲಾನ್. ನನಗೆ ಹಿಡಿಸಲಿಲ್ಲ. ಲೆಕ್ಕಕ್ಕೆ ಬರುವುದು ಹಗಲು ಎಷ್ಟು ಎತ್ತರ ಮುಟ್ಟಿದಿರಿ ಅನ್ನುವುದಕ್ಕಿಂತ ರಾತ್ರಿ ಎಲ್ಲಿ ಮಲಗಿದಿರಿ ಅನ್ನುವುದು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಅಲ್ಲೇ ಇನ್ನೊಂದು ರಾತ್ರಿ ಕಳೆಯಬೇಕು. ನಿಮ್ಮದು ಮೊದಲ ರಾತ್ರಿಯೇ 3,500! 2,500ರ ಸುಮಾರಿನಲ್ಲಿ ಎರಡು ರಾತ್ರಿ ಸೇರಿಸಿ.

ಕೇಳಿದವರು:
ಎರಡು ರಾತ್ರಿ ಸೇರಿಸಲು ರಜೆ ಕೇಳುತ್ತೇನೆ. ಎತ್ತರದಲ್ಲಿ ರಕ್ತ ಜಾಸ್ತಿ ಆಗುತ್ತದೆ ಅಂತಾರಲ್ಲ, ಅದು ಐದು ದಿನದಲ್ಲಿ ಆಗುವುದಿಲ್ಲವಾ?

ಶರೀರಶಾಸ್ತ್ರ ಕಲಿಸುವವಳು:
ಇಲ್ಲ. ಆಮ್ಲಜನಕ ಇಳಿದ ಕೆಲವೇ ಗಂಟೆಗಳಲ್ಲಿ ಇಪಿಒ ಅನ್ನುವ ಹಾರ್ಮೋನ್ ಏರುತ್ತದೆ, ನಿಜ. ಆದರೆ ಅದರ ಆದೇಶದ ಮೇಲೆ ಹೊಸ ಕೆಂಪು ಕಣಗಳು ಸಾಕಷ್ಟು ತಯಾರಾಗಲು ವಾರಗಳು ಬೇಕು. ಮೊದಲ ದಿನಗಳಲ್ಲಿ ರಕ್ತದ ನೀರಿನಂಶ ಕಮ್ಮಿಯಾಗಿ ರಕ್ತ ಗಟ್ಟಿಯಾಗುತ್ತದೆ. ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ ಏರಿದಂತೆ ಕಾಣುತ್ತದೆ, ಕಣಗಳು ಮಾತ್ರ ಹಳೆಯವೇ. ಜೀವಕೋಶಕ್ಕೆ ಆಮ್ಲಜನಕದ ಕೊರತೆ ಹೇಗೆ ಗೊತ್ತಾಗುತ್ತದೆ ಅನ್ನುವುದನ್ನು ಬಿಡಿಸಿದ್ದಕ್ಕೇ 2019ರಲ್ಲಿ ಕೇಲಿನ್, ರಾಟ್‌ಕ್ಲಿಫ್, ಸೆಮೆಂಜಾ ಅವರಿಗೆ ನೊಬೆಲ್ ಬಂತು.

ಮತ್ತೆ, ಕೆಂಪು ಕಣ ಜಾಸ್ತಿ ಆದಷ್ಟೂ ಒಳ್ಳೆಯದು ಅಂತಲೂ ಅಲ್ಲ. ಪೆರುವಿನ ವೈದ್ಯ ಕಾರ್ಲೋಸ್ ಮೊಂಗೆ 1925ರಲ್ಲೇ ಆಂಡಿಸ್ ಬೆಟ್ಟದ ನಿವಾಸಿಗಳಲ್ಲಿ ರಕ್ತ ತೀರಾ ದಪ್ಪಗಾಗಿ ಬರುವ ಕಾಯಿಲೆಯನ್ನು ವಿವರಿಸಿದ್ದರು. ಟಿಬೆಟಿಗರದು ಬೇರೆ ದಾರಿ. ಇಪಿಎಎಸ್1 ಅನ್ನುವ ಜೀನ್‌ನ ವಿಶೇಷ ರೂಪ ಅವರಲ್ಲಿ ಹೆಚ್ಚು, ಆದ್ದರಿಂದ ಅವರ ಹಿಮೋಗ್ಲೋಬಿನ್ ಅಷ್ಟಾಗಿ ಏರುವುದೇ ಇಲ್ಲ. 2010ರಲ್ಲಿ ಇದು ತಿಳಿಯಿತು.

ಆಕ್ಸಿಮೀಟರ್ ಒಯ್ದು ಪಶ್ಚಾತ್ತಾಪ ಪಟ್ಟವಳು:
ಗಂಟೆಗೊಮ್ಮೆ ಬೆರಳು ತೂರಿಸಿ ಕೂತಿರುತ್ತಿದ್ದೆ. ಕೆಳಗೆ 98 ಕಾಣುವವರಿಗೆ 3,500 ಮೀಟರ್‌ನಲ್ಲಿ 85ರಿಂದ 90 ಬರುವುದು ಸಾಮಾನ್ಯ. ಬೆರಳು ತಣ್ಣಗಿದ್ದರೆ ಅಂಕಿ ಇನ್ನೂ ಸುಳ್ಳು ಹೇಳುತ್ತದೆ. ನನಗೆ 84 ಬಂದು ಅತ್ತೆ, ಆರಾಮಾಗಿಯೇ ಇದ್ದೆ. 88 ಇದ್ದವನು ವಾಂತಿ ಮಾಡುತ್ತಿದ್ದ. ಒಯ್ಯುವುದಾದರೆ ಒಯ್ಯಿರಿ, ತಲೆನೋವು ಮತ್ತು ಹಸಿವನ್ನು ಅದಕ್ಕಿಂತ ಜಾಸ್ತಿ ನಂಬಿ.

ತಮ್ಮನನ್ನು ಹೊತ್ತು ಇಳಿಸಿದವನು:
ತಲೆನೋವಿನ ಮಾತೇ ನಡೆಯುತ್ತಿದೆ, ಶ್ವಾಸಕೋಶದ್ದನ್ನೂ ತಿಳಿದಿರಿ. ಮೂರನೇ ರಾತ್ರಿ ತಮ್ಮನಿಗೆ ಒಣಕೆಮ್ಮು ಶುರುವಾಯಿತು. ಜೊತೆಗಿದ್ದ ಮಾರ್ಗದರ್ಶಿ 'ಶೀತ, ಬೆಳಿಗ್ಗೆ ಸರಿಹೋಗುತ್ತೆ' ಅಂದ. ಬೆಳಿಗ್ಗೆ ತಮ್ಮನಿಗೆ ಕೂತಲ್ಲೇ ಏದುಸಿರು, ಎದೆಯಲ್ಲಿ ಗೊರಗೊರ ಸದ್ದು, ತುಟಿ ನೀಲಿ. ಶ್ವಾಸಕೋಶದಲ್ಲಿ ನೀರು ತುಂಬಿತ್ತು.

ಆಮೇಲೆ ಡಾಕ್ಟರ್ ವಿವರಿಸಿದರು. ಶ್ವಾಸಕೋಶದ ಒಂದು ಮೂಲೆಗೆ ಗಾಳಿ ಬರದಿದ್ದರೆ ಅಲ್ಲಿನ ರಕ್ತನಾಳ ಬಿಗಿದುಕೊಂಡು ರಕ್ತವನ್ನು ಬೇರೆ ಕಡೆ ಕಳಿಸುತ್ತದೆ. ಕೆಳಗಿರುವಾಗ ಜಾಣ ಕೆಲಸ. ಮೇಲೆ ಎಲ್ಲ ಮೂಲೆಯಲ್ಲೂ ಆಮ್ಲಜನಕ ಕಮ್ಮಿ, ಹಾಗಾಗಿ ಎಲ್ಲ ಕಡೆ ಬಿಗಿತ. ಒತ್ತಡ ಏರಿ ನೀರು ಸೋರುತ್ತದೆ. ಮುಖ್ಯ ಮದ್ದು ಇಳಿಯುವುದು. ಅವನನ್ನು ನಡೆಸಲಿಲ್ಲ, ದಣಿದರೆ ಇನ್ನೂ ಕೆಡುತ್ತದೆ. ಸುಮಾರು 900 ಮೀಟರ್ ಕೆಳಗೆ ಬರುವಷ್ಟರಲ್ಲಿ ಮಾತಾಡತೊಡಗಿದ್ದ.

ಮಿದುಳು ಊದಿಕೊಂಡಿದೆಯಾ ಅಂತ ನೋಡಲು ಗೆರೆಯ ಮೇಲೆ ನಡೆಸಿ, ಒಂದು ಪಾದದ ಹಿಮ್ಮಡಿ ಇನ್ನೊಂದರ ಬೆರಳಿಗೆ ತಾಗುವಂತೆ. ತೂರಾಡಿದರೆ, ತಡವರಿಸಿ ಮಾತಾಡಿದರೆ ಬೆಳಗಾಗಲಿ ಅಂತ ಕಾಯಬೇಡಿ.

ಕೇಳಿದವರು:
ರಜೆ ಸಿಕ್ಕಿತು, 2,500ರಲ್ಲಿ ಎರಡು ರಾತ್ರಿ. ಟೆಂಟ್ ಹಂಚಿಕೊಳ್ಳುವವನಿಗೆ ರಾತ್ರಿ ನನ್ನ ಉಸಿರು ನಿಂತರೆ ಎಬ್ಬಿಸಬೇಡ ಅಂತ ಹೇಳಿದ್ದೇನೆ, ಅವನೀಗ ಬರಲೋ ಬೇಡವೋ ಅನ್ನುತ್ತಿದ್ದಾನೆ. ಕೊನೆಯ ಪ್ರಶ್ನೆ: ಈ ಸಲ ಹೊಂದಿಕೊಂಡರೆ ಮುಂದಿನ ವರ್ಷಕ್ಕೂ ಉಳಿಯುತ್ತದಾ?

ಐದು ಸಲ ಹೋಗಿ ಬಂದವನು:
ಇಲ್ಲ. ಕೆಳಗೆ ಬಂದು ಕೆಲವು ವಾರಗಳಲ್ಲಿ ಎಲ್ಲ ಕರಗಿಹೋಗುತ್ತದೆ. ನನಗೆ ಐದನೇ ಸಲವೂ ಮೊದಲ ರಾತ್ರಿ ತಲೆನೋವು ಬಂತು.