ಎಣ್ಣೆ ಉರಿಸುವ ಬಾಯ್ಲರ್‌ನಲ್ಲಿ ಮೊದಲು ಏನು ಕಲಿಯಬೇಕು?

ಪ್ರಶ್ನೆ: ನಮಸ್ಕಾರ ಸರ್. ಕಲ್ಲಿದ್ದಲು ಸ್ಥಾವರದಲ್ಲಿ 4 ವರ್ಷ ಬಾಯ್ಲರ್ ಆಪರೇಟರ್ ಆಗಿದ್ದೆ. ಈಗ ಕುವೈತ್‌ನ ದೋಹಾ ವೆಸ್ಟ್ ವಿದ್ಯುತ್ ಸ್ಥಾವರದಲ್ಲಿ ಕೆಲಸ ಸಿಕ್ಕಿದೆ. 300 ಮೆಗಾವ್ಯಾಟ್‌ನ 8 ಯೂನಿಟ್ ಇವೆ. ಕಲ್ಲಿದ್ದಲು ಪುಡಿ ಮಾಡುವ ಮಿಲ್ ಇಲ್ಲ, ಬೂದಿಯ ಗೋಳಿಲ್ಲ, ಎಣ್ಣೆ ಸುಲಭ ಅಂತಾರೆ. ನಿಜಾನಾ?

ಉತ್ತರ: ತುಂಬಾ ಸಂತೋಷ. ಟರ್ಬೈನ್ ಕಡೆ ನಿಮಗೆ ಹೊಸದು ಕಡಿಮೆ. ಅಲ್ಲಿ ಟರ್ಬೈನ್‌ನಿಂದ ಸ್ವಲ್ಪ ಹಬೆ ತೆಗೆದು ಸಮುದ್ರದ ನೀರನ್ನು ಸಿಹಿನೀರು ಮಾಡುತ್ತಾರೆ, ಅದೊಂದನ್ನು ಕಲಿಯಬೇಕು.

ನಿಜವಾದ ಕೆಲಸ ಇರುವುದು ಬರ್ನರ್‌ನಲ್ಲಿ. ಗ್ಯಾಸ್ ಉರಿಸುವ ದಿನ ಆರಾಮ. ಫರ್ನೇಸ್ ಆಯಿಲ್ ಹಾಗಲ್ಲ, ತಣ್ಣಗಿದ್ದರೆ ಡಾಂಬರಿನ ಹಾಗೆ ಎಳೆ ಎಳೆಯಾಗಿ ಬರುತ್ತದೆ. ಬರ್ನರ್‌ಗೆ ಹೋಗುವ ಮುಂಚೆ ಅದನ್ನು 100 ಡಿಗ್ರಿಗಿಂತ ಜಾಸ್ತಿ ಬಿಸಿ ಮಾಡಬೇಕು. ಆಮೇಲೆ ಎಣ್ಣೆ ಚಿಮ್ಮಿಸುವ ಕೊಳವೆ, ಅಂದರೆ ಗನ್, ಅದರ ತುದಿಯಲ್ಲಿ ಹಬೆ ಅದನ್ನು ಮಂಜಿನಂಥ ಹನಿ ಮಾಡುತ್ತದೆ. ಬಿಸಿ ಇಳಿದರೆ, ಹಬೆಯ ಒತ್ತಡ ತಗ್ಗಿದರೆ ಹನಿ ದಪ್ಪವಾಗುತ್ತದೆ, ಪೂರ್ತಿ ಉರಿಯುವುದಿಲ್ಲ, ಮಸಿಯಾಗುತ್ತದೆ.

ನಾನು ಹಿಂದೆ ಇದ್ದ ಒಂದು ಸ್ಥಾವರದಲ್ಲಿ ಒಂದೇ ಬರ್ನರ್ ದಿನಾ ಕಾಟ ಕೊಡುತ್ತಿತ್ತು. ಇಣುಕು ಕಿಂಡಿಯಲ್ಲಿ ನೋಡಿದರೆ ಜ್ವಾಲೆಯ ಎಡಕ್ಕೆ ಮಾತ್ರ ಸುರುಸುರು ಬತ್ತಿಯ ಹಾಗೆ ಕಿಡಿ. ಗನ್ ಬಿಚ್ಚಿದೆವು. ಯಾರೋ ಉಕ್ಕಿನ ತಂತಿಯಿಂದ ಗನ್ ತುದಿಯ ಟಿಪ್ ಕೆರೆದಿದ್ದರು, ಒಂದು ತೂತು ಅಂಡಾಕಾರವಾಗಿತ್ತು. ಟಿಪ್ ಬದಲಿಸಿದ ಮೇಲೆ ಕಿಡಿ ನಿಂತಿತು. ದಯವಿಟ್ಟು ಟಿಪ್ಪನ್ನು ಡೀಸೆಲ್‌ನಲ್ಲಿ ನೆನೆಸಿ, ಹಿತ್ತಾಳೆ ತಂತಿಯಿಂದಲೇ ಮೆಲ್ಲಗೆ ಸ್ವಚ್ಛ ಮಾಡಿ.

ಸರಿಯಾಗಿ ಉರಿಯದ ಆ ಮಸಿ ಹೋಗಿ ಕೂರುವುದು ಹೊಗೆಯ ಶಾಖದಿಂದ ಗಾಳಿ ಕಾಯಿಸುವ ಏರ್ ಹೀಟರ್‌ನಲ್ಲಿ. ಸ್ಟಾರ್ಟ್‌ಅಪ್ ಹೊತ್ತಲ್ಲಿ ಜಾಸ್ತಿ. ಬಾಯ್ಲರ್ ನಿಂತ ಮೇಲೂ ಅಲ್ಲಿನ ಉಷ್ಣತೆ ಏರುತ್ತಿದ್ದರೆ ಒಳಗೆ ಬೆಂಕಿ ಹತ್ತಿದೆ ಅಂತಲೇ ತಿಳಿಯಿರಿ. ಮಸಿ ಊದಿ ತೆಗೆಯುವ ಸೂಟ್ ಬ್ಲೋವರ್ ಓಡಿಸುವುದನ್ನು ತಪ್ಪಿಸಬೇಡಿ.

ಪ್ರಶ್ನೆ: ಹಾಗಾದರೆ ಬೂದಿಯ ಚಿಂತೆ ಇಲ್ಲ ಅಲ್ವಾ ಸರ್?

ಉತ್ತರ: ಬೂದಿ ಬಹಳ ಕಡಿಮೆ, ಆದರೆ ಕೆಟ್ಟದ್ದು. ಅದರಲ್ಲಿ ವೆನೇಡಿಯಂ, ಸೋಡಿಯಂ ಇರುತ್ತವೆ. ಅವು ಹಬೆಯನ್ನು ಇನ್ನಷ್ಟು ಕಾಯಿಸುವ ಸೂಪರ್‌ಹೀಟರ್ ಹತ್ತಿರದ ಶಾಖಕ್ಕೆ ಕರಗಿ ಟ್ಯೂಬಿಗೆ ಅಂಟಿ ಲೋಹವನ್ನು ತಿನ್ನುತ್ತವೆ. ಚಿಮಣಿ ಕಡೆ ಹೊಗೆ ತಣ್ಣಗಾದರೆ ಎಣ್ಣೆಯ ಗಂಧಕ ಆಮ್ಲವಾಗಿ ಏರ್ ಹೀಟರನ್ನು ತಿನ್ನುತ್ತದೆ. ಓವರ್‌ಹಾಲ್‌ನಲ್ಲಿ ಫರ್ನೇಸ್ ಒಳಗೆ ಹೋಗುವಾಗ ಮೂಗಿಗೆ ಬರೀ ಬಟ್ಟೆ ಕಟ್ಟಿಕೊಂಡು ಹೋಗಬೇಡಿ. ವೆನೇಡಿಯಂ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಸರಿಯಾದ ಫಿಲ್ಟರ್ ಇರುವ ಮಾಸ್ಕ್ ಕೇಳಿ ಪಡೆಯಿರಿ, ಕೊಡುವ ತನಕ ಒಳಗೆ ಕಾಲಿಡಬೇಡಿ.